ನೂರ ಒಂಬತ್ತು ಅಡಿ

ಆಗಸ್ಟ್ 3, 1979. ಬೆಳಗ್ಗೆ
ಓಟ್ಸ್ ಗಂಜಿ. ಮೊಣಕೈಗೆ ಎಣ್ಣೆ. ಊರ ಕ್ರೀಡಾಕೂಟದ ಕಮಿಟಿಯಿಂದ ಕಾಗದ ಬಂದಿದೆ — ಈ ಸಲದ ಪಂದ್ಯಕ್ಕೆ ನಾನೇ ಮುಖ್ಯ ತೀರ್ಪುಗಾರ. ಐವತ್ತರ ಹತ್ತಿರದ ವಯಸ್ಸಿಗೆ ಇದಕ್ಕಿಂತ ಇನ್ನೇನು ಬೇಕು.

ಲಾಕೀ ಮನ್ರೋ ಈ ವರ್ಷವೂ ನನ್ನ ಸುತ್ತಿಗೆ ಎಸೆತದ ದಾಖಲೆ ಮುರೀತಾನಂತೆ. ನೂರ ಒಂಬತ್ತು ಅಡಿ. ಎಪ್ಪತ್ತೊಂದರಲ್ಲಿ ಅವನದು ಎರಡೇ ಅಡಿ ಕಮ್ಮಿ ಬಿದ್ದಿತ್ತು. ಆ ಎರಡಡಿಗೋಸ್ಕರ ಭುಜಕ್ಕೆ ಎರಡು ಆಪರೇಷನ್. ಪಾಪ.

ಪಾಪ ಅಂತ ಬರೆದೆ. ಒಳಗೊಳಗೆ ಖುಷಿ.

ಆಗಸ್ಟ್ 9
ಅಣ್ಣ ಡೂಗಲ್ ಕುಲುಮೆ ಮುಚ್ಚುತ್ತಿದ್ದಾನೆ. ಸಾಮಾನು ಎತ್ತಿಸೋಕೆ ಹೋಗಿದ್ದೆ. ಗೋಣಿತಾಟಿನ ಕೆಳಗೆ ನನ್ನ ಸುತ್ತಿಗೆ! ಅರವತ್ತೆಂಟರದು, ದಾಖಲೆಯದು. ಹಿಡಿಗೆ ಸುತ್ತಿದ ಕೆಂಪು ಪಟ್ಟಿ ಹಾಗೇ ಇದೆ. ಎತ್ತಿದೆ. ಆಮೇಲೆ ತಕ್ಕಡಿಗಿಟ್ಟೆ.

ಇಪ್ಪತ್ತೂವರೆ ಪೌಂಡ್. ಇಪ್ಪತ್ತೆರಡು ಇರಬೇಕು.

"ಏನಣ್ಣ ಇದು?"

"ಸ್ಪರ್ಧೆ ಮುಗಿದಿತ್ತಲ್ಲೋ. ದಾಖಲೆಗೇಂತ ಕೊಟ್ಟ ಕೊನೇ ಎಸೆತ ಅದು. ಸುತ್ತಿಗೆ ತೂಕ ನೋಡೋನು ನಾನೇ. ಹಗುರದ್ದಕ್ಕೆ ಬದಲಾಯಿಸಿದೆ."

"ಯಾಕೆ?"

"ಅಪ್ಪ ಹಾಸಿಗೆ ಹಿಡಿದಿದ್ರು. ದಾಖಲೆ ಬೋರ್ಡಿನ ಮೇಲೆ ನಿನ್ನ ಹೆಸರು ಬಂತು ಅಂತ ಕೇಳಿ ಕಣ್ಣು ಮುಚ್ಚಲಿ ಅಂತ."

"ಸರಿಯಾದ್ದು ಕೊಟ್ಟಿದ್ರೂ ನಾನು ಅಷ್ಟು ದೂರ ಎಸೀತಿದ್ದೆ."

"ಇಲ್ಲ ತಮ್ಮಾ. ನೀನು ಎಸೀತಿರ್ಲಿಲ್ಲ."

ಬೈದಿದ್ದರೆ ತಿರುಗಿ ಹೊಡೀತಿದ್ದೆ. ಮೆತ್ತಗೆ ಹೇಳಿದ. ಅವತ್ತು ಕೈಗೆ ಹಗುರ ಅನ್ನಿಸಿದ್ದು ನಿಜ... ನನ್ನ ಬಲ ಅಂದುಕೊಂಡಿದ್ದೆ.

ಆಗಸ್ಟ್ 17
ಎಂಟು ದಿನ ಏನೂ ಬರೆಯಲಿಲ್ಲ. ಇವತ್ತು ಹೆಂಡತಿ ಎಲ್ಸ್‌ಪೆತ್‌ಗೆ ಹೇಳಿದೆ. ಆಲೂಗಡ್ಡೆ ಹೆರೆಯುತ್ತಿದ್ದಳು. "ಸುಮ್ನಿರು. ಹನ್ನೊಂದು ವರ್ಷ ಆಯ್ತು. ಯಾರಿಗೇನು ನಷ್ಟ?"

ಹನ್ನೊಂದು ವರ್ಷದಿಂದ ಒಂದೇ ಹಾಸಿಗೆ. ಇದನ್ನ ಕೇಳಿ ಒಂದಿಷ್ಟೂ ಬೆಚ್ಚಲಿಲ್ಲ.

"ನಿನಗೂ ಗೊತ್ತಿತ್ತಾ?"

ಹೆರೆಯುತ್ತಲೇ ಇದ್ದಳು.

ಆಗಸ್ಟ್ 25. ಪಂದ್ಯ
ಲಾಕೀ ಮೊದಲ ಎಸೆತ ನೂರ ಒಂದು ಅಡಿ. ಎರಡನೆಯದಕ್ಕೆ ಭುಜ ಹಿಡಿದುಕೊಂಡ. ಮುಖ ಸುಣ್ಣ. ಆದರೂ ಮೂರನೆಯದಕ್ಕೆ ಹಿಡಿತಕ್ಕೆಂದು ಕೈಗೆ ರಾಳ ಹಚ್ಚಿಕೊಳ್ಳುತ್ತಿದ್ದ. ನೋಡೋಕಾಗಲಿಲ್ಲ. ಮೈಕ್ ಕಿತ್ತುಕೊಂಡು ಎಲ್ಲ ಹೇಳಿಬಿಟ್ಟೆ. ಬ್ಯಾಗ್‌ಪೈಪು ಊದುವವರೂ ನಿಲ್ಲಿಸಿದರು. ಡೂಗಲ್ ಜನರ ನಡುವೆ ಇದ್ದ, ತಲೆ ತಗ್ಗಿಸಿದ.

ಲಾಕೀ ನೇರ ನನ್ನ ಹತ್ತಿರ ಬಂದ. ಹೊಡೀಲಿ ಅಂತ ನಿಂತೆ.

"ನನ್ನ ನೂರ ಏಳು..."

"ನಿಂದೇ ದಾಖಲೆ, ಲಾಕೀ."

"ಎಂಟು ವರ್ಷದಿಂದ?"

"ಎಂಟು ವರ್ಷದಿಂದ."

ಹುಲ್ಲಿನ ಮೇಲೆ ಕೂತ. ಒಂದೇ ಕೈಯಲ್ಲಿ ಬೂಟಿನ ದಾರ ಬಿಚ್ಚತೊಡಗಿದ. "ಮುಂಚೇನೇ ಹೇಳಬಾರದಿತ್ತೇನಯ್ಯಾ" ಅಂದ. ಈ ತಿಂಗಳವರೆಗೆ ನನಗೂ ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ.

ಆಗಸ್ಟ್ 26. ಸಂಜೆ 4
ಬೋರ್ಡಿನಿಂದ ಹೆಸರು ತೆಗೆದರಂತೆ. ಸರಿ.

ಡೂಗಲ್ ಬಂದಿದ್ದಾನೆ. ಚಿಲಕ ತೆಗೆದಿಲ್ಲ. "ತಮ್ಮಾ, ಮಾನ ಕಳೆದೆಯಲ್ಲೋ. ನಿನ್ನ ಒಳ್ಳೇದಕ್ಕೆ ಅಂತ ಮಾಡಿದ್ದು ಕಣೋ" ಅಂತ ಹೊರಗಿನಿಂದಲೇ ಹೇಳುತ್ತಿದ್ದಾನೆ.

ಅಪ್ಪ ಸಾಯೋ ಮುಂಚೆ ನನ್ನ ಕೈ ಹಿಡಿದುಕೊಂಡು ಅತ್ತಿದ್ದರು. ಹೆಮ್ಮೆಗೆ ಅಂತಲೇ ನಂಬಿದ್ದೆ. ಈಗ ಕೂಗಿ ಕೇಳಿದೆ — "ಅಪ್ಪನಿಗೂ ಹೇಳಿದ್ದೆಯಾ?"

ಹೊರಗೆ ಮಾತು ನಿಂತಿದೆ. ಬರೆಯುತ್ತಾ ಕಾಯುತ್ತಿದ್ದೇನೆ. ಇನ್ನೂ ಅಲ್ಲೇ ಇದ್ದಾನೆ, ಉಸಿರು ಕೇಳಿಸುತ್ತಿದೆ. ಅಂದರೆ ಅಪ್ಪನಿಗೂ ಗೊತ್ತಿತ್ತು. ಆ ಅಳು ಹೆಮ್ಮೆಯದಲ್ಲ...