ಉಣ್ಣೆ ಕೋಟು ಸುಟ್ಟವಳು

ಪ್ರೀತಿಯ ಅತ್ತೆ,

ಊರು ಸೇರಿ ಒಂಬತ್ತು ದಿನವಾಯಿತು. ಸುಖವಾಗಿ ತಲುಪಿದೆ ಎಂದು ಆಗಲೇ ಬರೆಯಬೇಕಿತ್ತು. ಕೈ ಓಡಲಿಲ್ಲ.

ಕುಡಿದು ಹೊಡೆಯಲು ಬಂದ ಗಂಡನ ಕೈಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಮುರಿದು, ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟವರು ನೀವು. ಉಳಿದವರು ನಿಮ್ಮ ಹೆಸರೆತ್ತಲು ಹೆದರುತ್ತಿದ್ದರೆ, ನಾನು ಆ ಕಥೆಯನ್ನು ಅಪ್ಪನ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿಕೊಂಡು ಬೆಳೆದೆ. ಕಚೇರಿ ಕೆಲಸಕ್ಕೆ ನೀವು ಈಗ ನೆಲೆಸಿರುವ ದೇಶಕ್ಕೆ ಬಂದಾಗ ಮೂರು ದಿನ ಉಳಿಸಿಕೊಂಡು ನಿಮ್ಮ ಲಾಂಡ್ರಿಗೆ ಓಡಿ ಬಂದದ್ದು ಅದಕ್ಕೇ.

ಉಗಿ ತುಂಬಿದ ಹಿಂದಿನ ಕೋಣೆ, ಚೀಟಿ ಚುಚ್ಚಿ ನೇತುಹಾಕಿದ ಬಟ್ಟೆಗಳು, ಬೆಳಗಿನಿಂದ ಹರಟುತ್ತಲೇ ಇಸ್ತ್ರಿ ಮಾಡುವ, ನಮ್ಮ ಕಡೆಯವಳೇ ಆದ ನಿಮ್ಮ ಕೆಲಸದಾಕೆ. ನೀವೇ ಅವಳನ್ನು ರೇಡಿಯೊ ಎಂದು ಕರೆಯುತ್ತಿದ್ದಿರಿ. ಎರಡನೆಯ ದಿನ ಅವಳು ಗಿರಾಕಿಯ ಉಣ್ಣೆ ಕೋಟನ್ನು ಮೇಜಿನ ಮೇಲೆ ಹರಡಿಟ್ಟು ನೀರು ಕುಡಿಯಲು ಹೋದಾಗ ನಾನು ಇಸ್ತ್ರಿಪೆಟ್ಟಿಗೆ ಹಿಡಿದೆ. ನಿಮ್ಮಿಂದ ಭೇಷ್ ಅನ್ನಿಸಿಕೊಳ್ಳುವ ಚಪಲ. ಉಣ್ಣೆಯ ಮೇಲೆ ಒದ್ದೆ ಬಟ್ಟೆ ಹಾಸಬೇಕೆಂದು ಗೊತ್ತಿರಲಿಲ್ಲ, ಮನೆಯ ಹತ್ತಿ ಅಂಗಿಗೆ ಒತ್ತುವ ಹಾಗೆ ಒತ್ತಿದೆ. ಕೋಟಿನ ಎದೆ ಕಂದಿ ಹೋಯಿತು. ಸರಿದು ನಿಂತೆ. ಅವಳು ಬಂದು ಕೋಟು ನೋಡಿದಳು, ನನ್ನನ್ನೂ ನೋಡಿದಳು. ವಾಸನೆ ಹಿಡಿದು ನೀವೂ ಬಂದಿರಿ.

ಬೈಯುತ್ತೀರಿ ಅಂದುಕೊಂಡೆ. ನೀವು ಅವಳ ಜುಟ್ಟು ಹಿಡಿದು ತಲೆಯನ್ನು ಮೇಜಿಗೆ ಅಪ್ಪಳಿಸಿದಿರಿ. ಹುಬ್ಬು ಒಡೆದು ರಕ್ತ ಕೋಟಿನ ಮೇಲೆ ಹರಿಯಿತು. ಸಾಲದೆ, ಅವಳ ಎಡಗೈಯನ್ನು ಮೇಜಿಗೆ ಅದುಮಿ ಕಾದ ಪೆಟ್ಟಿಗೆ ಇಟ್ಟಿರಿ. ಬಲಗೈ ದುಡಿಯಲು ಬೇಕಲ್ಲ.

"ಇನ್ಮೇಲೆ ಮರೆಯಲ್ಲ ಇವಳು," ಎಂದಿರಿ ನನಗೆ, ಕೆಲಸ ಕಲಿಸುವ ದನಿಯಲ್ಲಿ.

ಅವಳ ಅಂಗಿಯ ತೋಳು ಮೇಲೆ ಸರಿದಾಗ ಮೊಣಕೈವರೆಗೆ ಅದೇ ಪೆಟ್ಟಿಗೆಯ ಮೊನೆಯ ಹಳೆಯ ಗುರುತುಗಳು ಕಂಡವು. ಆ ಗಂಡಸಿನ ಕೈ ಮುರಿದದ್ದು ತಪ್ಪೆಂದು ನಾನು ಇವತ್ತಿಗೂ ಹೇಳುವುದಿಲ್ಲ, ಅತ್ತೆ. ಆದರೆ ಇವಳು ನಿಮಗೇನು ಮಾಡಿದ್ದಳು?

ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಮೊದಲು ನಿಮ್ಮ ಕಣ್ಣಲ್ಲಿ ಸಣ್ಣವಳಾಗುವ ಭಯ, ಆಮೇಲೆ ಆ ಪೆಟ್ಟಿಗೆ ನನ್ನ ಕೈಯ ಮೇಲೂ ಬೀಳುವ ಭಯ. ಬೆಂಕಿ ಬೀಳಲಿ ನನ್ನ ಭಯಕ್ಕೆ. ಹೊರಡುವ ಮುಂಚೆ ಅವಳ ಹತ್ತಿರ ಹೋಗಿ ಯಾಕೆ ನನ್ನ ಹೆಸರು ಹೇಳಲಿಲ್ಲವೆಂದು ಕೇಳಿದೆ.

"ನಿಂಗೂ ಹೀಗೇ ಮಾಡ್ತಿದ್ರು ಕಣಮ್ಮ. ನಂಗಾದ್ರೆ ಅಭ್ಯಾಸ ಇದೆ," ಅಂದಳು.

ಕೋಟು ಸುಟ್ಟವಳು ನಾನು. ಕಂಡದ್ದನ್ನೆಲ್ಲ, ನಾನು ಬಾಯಿ ಮುಚ್ಚಿಕೊಂಡಿದ್ದನ್ನೂ ಸೇರಿಸಿ, ಅಲ್ಲಿನ ಪೊಲೀಸರಿಗೆ ಬರೆದಿದ್ದೇನೆ. ಈ ಪತ್ರ ತಲುಪುವ ಮೊದಲೇ ಅವರು ಬಂದು ಅವಳನ್ನು ನಿಮ್ಮಿಂದ ಬಿಡಿಸಿಕೊಂಡು ಹೋಗಿರುತ್ತಾರೆ. ಸಾಕ್ಷಿಗೆ ಕರೆದರೆ ಬರುತ್ತೇನೆ. ನಿಮ್ಮ ಎದುರೇ ನಿಂತು ಹೇಳುತ್ತೇನೆ.

ದೊಡ್ಡವರಿಗೆ ಬರೆದಾಗ ಆಶೀರ್ವಾದ ಬೇಡಿ ಮುಗಿಸಬೇಕು. ನಿಮ್ಮ ಕೈ ನನ್ನ ತಲೆಯ ಮೇಲೆ ಬರುವುದು ಈಗ ನನಗೆ ಬೇಡ. ಆದರೂ ನಿಮಗೆ ಒಳ್ಳೆಯದಾಗಲಿ.

ನಿಮ್ಮ ಅಣ್ಣನ ಮಗಳು