ಗಂಜಿ ಹಾಕಿದ ಬಾವುಟ

24 ಅಕ್ಟೋಬರ್ 2017, ಅಬುಧಾಬಿ

ಬೆಳಿಗ್ಗೆಯಿಂದ ಅರುವತ್ತೆರಡು ಬಾವುಟಗಳಿಗೆ ಇಸ್ತ್ರಿ. ಈವೆಂಟ್ ಕಂಪೆನಿಯ ಕಾರ್ಡಿನಲ್ಲಿ ನಾನು 'ಪ್ರೊಟೊಕಾಲ್ ಅಸಿಸ್ಟೆಂಟ್'. ಕೆಲಸ ಧೋಬಿಯದು. ಗೆದ್ದವರ ಬಾವುಟ ಕಂಬಕ್ಕೆ ಏರಿಸುವವನೂ ನಾನೇ. ಈ ವಾರ ಜೂಡೋ ಪಂದ್ಯ. ಮಗಳು ನತಾಶಾ ಜೂಡೋ ಕಲಿಯುತ್ತಾಳೆ. ಹಾಗಾಗಿ ಮನೆಯಲ್ಲಿ ನನಗೆ ದಿಢೀರ್ ಮರ್ಯಾದೆ!

ವಿಸಿಟ್ ವೀಸಾದಲ್ಲಿ ಬಂದಿರುವ ನನ್ನ ಅಮ್ಮನಿಗೆ, ಮಾಯ್‌ಗೆ, ಮಾತ್ರ ಗಾಬರಿ. "ಕ್ರಿಸ್ತಾಂವ್ ಹುಡುಗಿಗೆ ಜುದೆವರ ಆಟ ಯಾಕೆ ಪುತಾ?" ಕೊಂಕಣಿಯಲ್ಲಿ ಜುದೆವ್ ಅಂದರೆ ಯೆಹೂದಿ. ಜೂಡೋ ಜಪಾನಿನದು ಮಾಯ್, ಅಂದೆ. ನಂಬಲಿಲ್ಲ. ನಕ್ಕು ನಕ್ಕು ಸಾಕಾಯಿತು.

ಡೈರಿ ಕನ್ನಡದಲ್ಲಿ. ನತಾಶಾಗೆ ಓದಲು ಬಾರದು. ಸೇಫ್.

26 ಅಕ್ಟೋಬರ್

ನಗು ಖಲಾಸ್. ಇಸ್ರೇಲ್ ಟೀಮ್ ಬಂದಿದೆ, ಅವರ ಬಾವುಟ ನನ್ನ ಪೆಟ್ಟಿಗೆಯಲ್ಲಿಲ್ಲ; ಈ ದೇಶ ಇಸ್ರೇಲನ್ನು ಒಪ್ಪಿಕೊಂಡಿಲ್ಲ. ಗೆದ್ದರೆ ಜೂಡೋ ಫೆಡರೇಶನ್ನಿನ ಬಾವುಟ ಏರಿಸಬೇಕಂತೆ. ಗೆದ್ದರು. ಏರಿಸಿದೆ.

ಗ್ಯಾಲರಿಯಲ್ಲಿದ್ದ ನತಾಶಾ ಕಾರಿನಲ್ಲಿ ಕೇಳಿದಳು: "ಡ್ಯಾಡಾ, ದಟ್ ವಾಸ್ ದ ರಾಂಗ್ ಫ್ಲ್ಯಾಗ್. ಬಿಕಾಸ್ ದೆ ಆರ್ ಜ್ಯೂಸ್?"

"ಗೊತ್ತಿಲ್ಲ ಮಗಳೇ. ಫೆಡರೇಶನ್ ರೂಲ್."

"ಬಟ್ ಯೂ ಪುಲ್ಡ್ ದ ರೋಪ್."

ನಾಚಿಕೆಯಾಯಿತು. ಮನೆ ತಲುಪುವವರೆಗೆ ರೇಡಿಯೊ ಹಾಕಿಕೊಂಡೆ.

22 ಜುಲೈ 2018

ಎಲ್ಲ ದೇಶಗಳಿಗೂ ಸಮಾನ ಹಕ್ಕು ಇಲ್ಲದಿದ್ದರೆ ಇಲ್ಲಿ ಪಂದ್ಯವೇ ಇಲ್ಲ ಎಂದಿದೆ ಫೆಡರೇಶನ್. ಭೇಷ್! ಹಿಂದೆಯೇ ಸಿಟ್ಟು. ಹೋದ ವರ್ಷ ಎಲ್ಲಿ ಅಡಗಿತ್ತು ಈ ಪೌರುಷ? ರೂಲ್ ಅವರದು, ಮಗಳ ಕಣ್ಣಲ್ಲಿ ಸಣ್ಣವನಾದದ್ದು ನಾನು.

3 ಸೆಪ್ಟೆಂಬರ್

ಪಂದ್ಯ ಇದೆ! ಎಲ್ಲರ ಬಾವುಟವೂ ಇದೆ! ನತಾಶಾಗೆ ಹೇಳಿದೆ: "ಅವರು ಗೆದ್ದರೆ ಈ ಸಲ ಸರಿಯಾದ್ದೇ ಏರಿಸ್ತೇನೆ. ಪ್ರಾಮಿಸ್."

"ಲೆಟ್ಸ್ ಸೀ," ಎಂದಳು. ಹನ್ನೊಂದು ವರ್ಷದ ಹೆಡ್‌ಮಿಸ್.

26 ಅಕ್ಟೋಬರ್, ಶುಕ್ರವಾರ

ಇಸ್ರೇಲಿನ ಬಾವುಟ ಬಂತು, ಮುದ್ದೆಯಾಗಿ. ಸೂಪರ್‌ವೈಸರ್ ಕುಂಞಾಲಿ, "ಮನೆಗೆ ಕೊಂಡೋಗಿ ಇಸ್ತ್ರಿ ಹಾಕಿ ಮಾರಾಯ್ರೆ, ಯಲ್ಲಾ, ಬೇಗ," ಎಂದರು. ತಲೆದಿಂಬಿನ ಕವರಿನೊಳಗೆ ತಂದೆ. ಪರ್ಮಿಷನ್ ಇದೆ, ಆದರೂ ಲಿಫ್ಟಿನಲ್ಲಿ ಬಗಲಲ್ಲಿ ಒತ್ತಿ ಹಿಡಿದಿದ್ದೆ. ಒಂದು ಲಾಭ: ತಲೆಕೆಳಗಾದರೂ ಒಂದೇ ಥರ. ಏರಿಸುವವನಿಗೆ ಇಂಥ ಬಾವುಟ ಸಿಗಬೇಕು!

ಸ್ನಾನ ಮುಗಿಸಿ ಬರುವಷ್ಟರಲ್ಲಿ, ಮೊನ್ನೆಯಷ್ಟೇ ಮತ್ತೆ ಬಂದಿರುವ ಮಾಯ್ ಅದನ್ನು ಗಂಜಿತಿಳಿಯಲ್ಲಿ ಅದ್ದಿ, ಹಿಂಡಿ, ಒಣಗಿಸಲು ಬಾಲ್ಕನಿಗೆ ಹೊರಟಿದ್ದರು. ದೇವರೇ! ಓಡಿಹೋಗಿ ಹಿಡಿದೆ. ಬಾತ್‌ರೂಮಿನಲ್ಲಿ ಒಣಗಿಸಿದೆವು.

"ಗಂಜಿ ಹಾಕದೆ ಇಸ್ತ್ರಿ ಹಾಕ್ತಾರಾ?" ಅವರದೇ ದಬಾವಣೆ. ಊರ ಇಗರ್ಜಿಯಲ್ಲಿ, ಚರ್ಚಿನಲ್ಲಿ, ನಲವತ್ತು ವರ್ಷ ಆಲ್ತಾರಿನ ಬಟ್ಟೆ ನೋಡಿಕೊಂಡವರು. ಇಸ್ತ್ರಿಯಾದ ಮೇಲೆ ಬಾವುಟವಲ್ಲ, ಹಪ್ಪಳ.

ಇದು ಜುದೆವರದ್ದೇ, ಅಂದೆ. ಮಾಯ್ ನಕ್ಷತ್ರದ ಮೇಲೆ ಕೈಯಾಡಿಸಿದರು. "ನಾನು ಸಣ್ಣವಳಿರುವಾಗ ಗುಡ್ ಫ್ರೈಡೆಗೆ ಎಲ್ಲರಿಗಾಗಿ ಮೊಣಕಾಲೂರಿ ಪ್ರಾರ್ಥನೆ. ಜುದೆವರ ಸರದಿ ಬಂದಾಗ ಮಾತ್ರ ಊರ್ಲಿಕ್ಕಿಲ್ಲ. ಮತ್ತೆ ರೋಮಿನಿಂದ ಆರ್ಡರ್ ಬಂತು, ಅವರಿಗೂ ಊರಿ ಅಂತ. ಊರಿದೆವು."

"ಸಿಟ್ಟು ಬರ್ಲಿಲ್ವಾ? ಅಷ್ಟು ವರ್ಷ ಯಾಕೆ ಬೇಡ ಅಂದದ್ದು ಅಂತ?"

"ಬಂತು. ಆರ್ಡರ್ ಅವರದು, ಆದ್ರೆ ಮೊಣಕಾಲು ನನ್ನದಲ್ವಾ ಪುತಾ?"

28 ಅಕ್ಟೋಬರ್, ಭಾನುವಾರ

ಗೆದ್ದರು! ಏರಿಸಿದೆ! ಗಾಳಿಯಿಲ್ಲದ ಹಾಲ್. ಉಳಿದ ಬಾವುಟಗಳು ಒದ್ದೆ ಟವೆಲಿನ ಹಾಗೆ ಜೋತಿದ್ದವು. ನಮ್ಮದು — ನೋಡು, 'ನಮ್ಮದು' ಅಂತಲೇ ಬರೆದೆ — ಸೆಟೆದು ನಿಂತಿತು, ನಕ್ಷತ್ರ ಪೂರ್ತಿ ಕಾಣುವ ಹಾಗೆ.

"ಎಂಥದಿದು ಗೇಬ್ರಿಯಲ್, ಒಳಗೆ ರಟ್ಟು ಇಟ್ಟಿದ್ದೀರಾ?" ಕುಂಞಾಲಿ ಹಲ್ಲು ಕಚ್ಚಿ ಪಿಸುಗುಟ್ಟಿದರು. ಫೆಡರೇಶನ್ನಿನ ದೊಡ್ಡವರು ಕೈ ಕುಲುಕಿಕೊಳ್ಳುತ್ತಿದ್ದರು. ಅವರಿಗೂ ಚಪ್ಪಾಳೆ ತಟ್ಟಿದೆ, ಸ್ವಲ್ಪ ಕಮ್ಮಿ.

ಗ್ಯಾಲರಿಯಲ್ಲಿ ನತಾಶಾ ಎದ್ದು ನಿಂತು ಎರಡೂ ಕೈಯಲ್ಲಿ ಥಂಬ್ಸ್ ಅಪ್. ಕಣ್ಣು ಮಂಜಾಗಿ ಹಗ್ಗದ ಗಂಟು ಕೈಗೆ ಸಿಗಲಿಲ್ಲ. ಮೊಣಕಾಲೂರಿ ಕೂತು ಕಟ್ಟಿದೆ.

ಮನೆಗೆ ಬಂದರೆ ಮಾಯ್ ಬಾಗಿಲಲ್ಲೇ. ಲ್ಯಾಪ್‌ಟಾಪಿನಲ್ಲಿ ಲೈವ್ ನೋಡಿದ್ದಾರೆ.

"ನೀನು ಮೊಣಕಾಲೂರಿದ್ದು ಕಂಡೆ ಪುತಾ," ಎಂದು ತಲೆ ಸವರಿದರು.

ಹಗ್ಗ ಕಟ್ಟಲು ಮಾಯ್, ಅಷ್ಟೇ — ಎನ್ನಲು ಹೊರಟೆ. ಆದರೆ ಬಾಯಿಂದ ಬಂದದ್ದು: "ಹೌದು ಮಾಯ್, ಊರಿದೆ."