ಗೋದಾಮಿನ ಗೋಡೆಯ ಬಾವಲಿಗಳು

ತಂಗೀ,

ಬಂದು ತಲುಪಿ ಗಾರೆ ಕೆಲಸಕ್ಕೆ ಸೇರಿದ್ದೇನೆ. ಹಳೇ ಗೋದಾಮು, ಗೋಡೆಯ ಬಿರುಕಿನ ತುಂಬ ಬಾವಲಿ. ಮಲಗಿದವರ ರಕ್ತ ಹೀರುತ್ತವೆ ಅಂತ ನಮ್ಮ ಮೇಸ್ತ್ರಿಗೆ ಪ್ರಾಣಭಯ. ಸಂಜೆ ಅವು ಹೊರಗೆ ಹಾರಿದ ಮೇಲೆ ಬಿರುಕು ಮುಚ್ಚಬೇಕು. ಈ ಪುಣ್ಯಾತ್ಮ, "ಕತ್ತಲಾಗೋವರೆಗೆ ಯಾರು ಕಾಯ್ತಾರೆ? ಈಗಲೇ ಮೆತ್ತಿ" ಅಂದ. ನಾವೂ ಕುರಿಗಳ ಹಾಗೆ ಹಗಲಲ್ಲೇ ಸಿಮೆಂಟ್ ಮೆತ್ತಿದೆವು. ಗೋಡೆ ಒಳಗಿಂದ ಕೀಚುಗುಟ್ಟುತ್ತಲೇ ಇತ್ತು, ಆಮೇಲೆ ಸುಮ್ಮನಾಯಿತು. ಇವತ್ತು ನಾತ ತಡೆಯಲಾರದೆ ಒಡೆದೆವು. ಮೊದಲು ಉದುರಿದ್ದು ಒಂದು ತಾಯಿ. ಸತ್ತ ಮರಿ ಇನ್ನೂ ಅದರ ಮೊಲೆ ಕಚ್ಚಿಕೊಂಡೇ ಇತ್ತು.

ನನ್ನ ಕೆಮ್ಮು ವಾಸಿ, ಊಟ ಮಾತ್ರ ಸೇರುತ್ತಿಲ್ಲ. ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ನಿನ್ನ ಕೂಸು ಹಾಲು ಕುಡಿಯುತ್ತಿದೆಯಾ? ಅದೊಂದು ಬರೆದು ಹಾಕು.

ನಿನ್ನಣ್ಣ